ಒಂಟಿ ಹಿರಿಯರಿಗೆ ಯಂತ್ರದ ಸಂಗಾತಿ: ಮದ್ದೋ, ನೆಪವೋ?

ಕೆಲವು ತಿಂಗಳ ಹಿಂದೆ ದಮ್ಮಾಮ್‌ನಿಂದ ಒಬ್ಬರು ನನ್ನ ವಾಟ್ಸ್‌ಆ್ಯಪ್‌ಗೆ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಸೋಫಾದ ಮೇಲೆ ಕುಳಿತ ಬಿಳಿಯ ಕೂದಲಿನ ಅಮೆರಿಕನ್ ಅಜ್ಜಿಯೊಬ್ಬರ ಮಡಿಲಲ್ಲಿ ಒಂದು ಬೆಕ್ಕು. ಅಜ್ಜಿ ಬೆನ್ನು ಸವರಿದರೆ ಅದು ಗುರುಗುಟ್ಟುತ್ತದೆ, ಮಗ್ಗುಲಾಗಿ ಹೊಟ್ಟೆ ತೋರಿಸುತ್ತದೆ, ಕಣ್ಣು ಮುಚ್ಚಿ ತೆರೆಯುತ್ತದೆ. ಬ್ಯಾಟರಿ ಹಾಕಿದ ಆಟಿಕೆ. ಕೆಳಗೆ ಒಂದು ಸಾಲು ಬರೆದಿದ್ದರು: "ಡಾಕ್ಟ್ರೇ, ಉಮ್ಮನಿಗೆ ಇದನ್ನು ಕಳಿಸಿದರೆ ಹೇಗೆ?"

ಇವರ ಉಮ್ಮ ನನ್ನ ಕ್ಲಿನಿಕ್‌ಗೆ ಆರೇಳು ವರ್ಷಗಳಿಂದ ಬರುತ್ತಿರುವವರು. ವಯಸ್ಸು 74. ಪತಿ ತೀರಿಕೊಂಡು ಐದು ವರ್ಷ. ಮೂವರು ಗಂಡುಮಕ್ಕಳೂ ಗಲ್ಫ್‌ನಲ್ಲಿ, ಮಗಳು ಗಂಡನ ಮನೆಯಲ್ಲಿ. ಎರಡು ಮಾಳಿಗೆಯ ಟೆರೇಸ್ ಮನೆ, ಐದು ಮಲಗುವ ಕೋಣೆ, ಒಬ್ಬರೇ. ಬೆಳಗ್ಗೆ ಕೆಲಸದಾಕೆ ಬಂದು ಹತ್ತು ಗಂಟೆಗೆ ಹೋದರೆ ಮರುದಿನದವರೆಗೆ ಮನೆಯಲ್ಲಿ ಮನುಷ್ಯರ ಧ್ವನಿ ಎಂದರೆ ಫೋನಿನದ್ದು ಮಾತ್ರ. ಸಿಟ್‌ಔಟ್, ಹಾಲ್, ಅಡುಗೆಮನೆ ಮೂರೂ ಕಡೆ ಸಿಸಿಟಿವಿ ಕ್ಯಾಮೆರಾ ಇದೆ. ಉಮ್ಮ ಬಿದ್ದರೆ ಗೊತ್ತಾಗಲಿ ಎಂದು ಮಕ್ಕಳು ಹಾಕಿಸಿದ್ದು. ಪ್ರತಿ ವಾರ ಮೊಣಕಾಲು ನೋವೆಂದು ಬರುತ್ತಾರೆ. ಎಕ್ಸ್‌ರೇಯಲ್ಲಿ ಮೂರು ವರ್ಷದಿಂದ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಎಣ್ಣೆ, ಮಾಜೂನ್ ತೆಗೆದುಕೊಂಡು ಐದು ನಿಮಿಷದಲ್ಲಿ ಹೋಗಬಹುದಾದವರು ಹೊರಗಿನ ಬೆಂಚಿನಲ್ಲಿ ಒಂದೂವರೆ ಗಂಟೆ ಕುಳಿತು, ಬಂದವರನ್ನೆಲ್ಲ ಮಾತನಾಡಿಸಿ ಹೋಗುತ್ತಾರೆ. ಅವರ ನಿಜವಾದ ಕಾಯಿಲೆ ಏನೆಂದು ನನಗೂ ಗೊತ್ತು, ನನ್ನ ಕಾಂಪೌಂಡರ್‌ಗೂ ಗೊತ್ತು.

ವಿಡಿಯೋ ನೋಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಒಪ್ಪಿಕೊಳ್ಳುತ್ತೇನೆ. ಹೆತ್ತವಳಿಗೆ ಬ್ಯಾಟರಿ ಬೆಕ್ಕೇ ಎಂದು ಬರೆದು, ಕಳಿಸುವ ಮೊದಲು ಅಳಿಸಿದೆ. ಆ ಮಗ ಕೆಟ್ಟವನಲ್ಲ. ವಾರಕ್ಕೆ ನಾಲ್ಕು ಸಲ ನನಗೇ ಮೆಸೇಜ್ ಮಾಡುತ್ತಾನೆ. ರಾತ್ರಿ ಪಾಳಿ ಮುಗಿಸಿ ಬಂದು ಕ್ಯಾಮೆರಾದಲ್ಲಿ ತಾಯಿ ಫಜ್ರ್‌ಗೆ ಎದ್ದು ಓಡಾಡುವುದನ್ನು ನೋಡಿ ನಂತರ ಮಲಗುವವನು. ಅವನ ಪ್ರಶ್ನೆಗೆ ಸಿಟ್ಟಿನ ಉತ್ತರ ನ್ಯಾಯವಲ್ಲ. ಹಾಗಾಗಿ ಕೆಲವು ವಾರ ಓದಿದೆ, ವಿಚಾರಿಸಿದೆ. ನನಗೆ ತಿಳಿದದ್ದನ್ನೂ ಅನಿಸಿದ್ದನ್ನೂ ನಿಮ್ಮ ಮುಂದಿಡುತ್ತೇನೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇಂದಲ್ಲ ನಾಳೆ ಈ ಪ್ರಶ್ನೆ ಬರಲಿದೆ.

ಇಂತಹ ಯಂತ್ರಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಜಪಾನಿನ 'ಪಾರೊ'. ತಕನೋರಿ ಶಿಬಾಟಾ ಎಂಬ ಎಂಜಿನಿಯರ್ 1993ರಲ್ಲಿ ಇದರ ಕೆಲಸ ಆರಂಭಿಸಿದರು. ನೋಡಲು ಬಿಳಿ ತುಪ್ಪಳದ ಸೀಲ್ ಮರಿ, ತೂಕ ಸುಮಾರು 2.7 ಕಿಲೋ. ಮೈಯೆಲ್ಲ ಸ್ಪರ್ಶ, ಬೆಳಕು, ಧ್ವನಿ, ಉಷ್ಣತೆಯನ್ನು ಗ್ರಹಿಸುವ ಸೆನ್ಸರ್‌ಗಳು. ಸವರಿದರೆ ತಲೆ ಎತ್ತುತ್ತದೆ, ಹೊಡೆದರೆ ಮುದುಡುತ್ತದೆ, ಇಟ್ಟ ಹೆಸರನ್ನು ಗುರುತಿಸಲು ಕಲಿಯುತ್ತದೆ. ಚಾರ್ಜ್ ಮಾಡಲು ಅದರ ಬಾಯಿಗೆ ಮಗುವಿನ ನಿಪ್ಪಲ್‌ನಂತಹ ಪ್ಲಗ್ ಇಡಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಇದನ್ನು ವೈದ್ಯಕೀಯ ಸಾಧನದ ಪಟ್ಟಿಗೆ ಸೇರಿಸಿತು. ಬೆಲೆ ಸುಮಾರು 6000 ಡಾಲರ್, ಅಂದರೆ ನಮ್ಮ ಐದು ಲಕ್ಷ ರೂಪಾಯಿ. ದಮ್ಮಾಮ್‌ನ ಮಗ ತೋರಿಸಿದ ಬೆಕ್ಕು ಈ ಜಾತಿಯ ಬಡ ಸಂಬಂಧಿ. 2015ರಲ್ಲಿ ಅಮೆರಿಕದ ಆಟಿಕೆ ಕಂಪೆನಿಯೊಂದು ಸುಮಾರು 100 ಡಾಲರ್‌ಗೆ ಮಾರುಕಟ್ಟೆಗೆ ತಂದದ್ದು.

ಮಾತನಾಡುವ ಯಂತ್ರಗಳೂ ಇವೆ. ಇಸ್ರೇಲಿ ಕಂಪೆನಿಯ 'ಎಲಿಕ್ಯೂ' ಎಂಬುದನ್ನು ನ್ಯೂಯಾರ್ಕ್ ರಾಜ್ಯದ ವೃದ್ಧರ ಇಲಾಖೆ 2022ರಿಂದ ಎಂಟುನೂರಕ್ಕೂ ಹೆಚ್ಚು ಹಿರಿಯರ ಮನೆಗೆ ಕೊಡುವ ಯೋಜನೆ ಹಾಕಿಕೊಂಡಿತು. ದಕ್ಷಿಣ ಕೊರಿಯಾದಲ್ಲಿ ಸ್ಥಳೀಯ ಸರಕಾರಗಳೇ ಒಂಟಿ ವೃದ್ಧರಿಗೆ 'ಹ್ಯೋದೊಲ್' ಎಂಬ ಬೊಂಬೆಯನ್ನು ಹಂಚುತ್ತಿವೆ. ಮೊಮ್ಮಗುವಿನ ಧ್ವನಿಯಲ್ಲಿ 'ಅಜ್ಜಿ, ಮಾತ್ರೆ ತಗೊಂಡಿರಾ' ಎಂದು ಕೇಳುವ ಬೊಂಬೆ. ಕೊರಿಯನ್ ಭಾಷೆಯಲ್ಲಿ 'ಹ್ಯೋ' ಎಂದರೆ ಹೆತ್ತವರ ಬಗೆಗಿನ ಕರ್ತವ್ಯಪ್ರಜ್ಞೆ. ಈ ಹೆಸರಿನ ಅರ್ಥ ತಿಳಿದ ದಿನ ನನಗೆ ಸ್ವಲ್ಪ ಹೊತ್ತು ಬೇರೇನನ್ನೂ ಓದಲಾಗಲಿಲ್ಲ.

ಇದನ್ನು ಓದಿ ನೀವು ಅವರ ಬಗ್ಗೆ ಮರುಕಪಡುವ ಮೊದಲು ಒಂದು ಮಾತು. ಜಪಾನಿನಲ್ಲಿ ಮನೆಯಲ್ಲಿ ಒಬ್ಬರೇ ಇದ್ದು ಅಲ್ಲೇ ಸತ್ತವರ ಲೆಕ್ಕವನ್ನು ಅಲ್ಲಿನ ಪೊಲೀಸ್ ಇಲಾಖೆ ಬಿಡುಗಡೆ ಮಾಡುತ್ತದೆ. 2024ರಲ್ಲಿ ಅಂಥವರು ಸುಮಾರು 76 ಸಾವಿರ, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು 65 ದಾಟಿದವರು. ಅವರು ತಮ್ಮ ಸತ್ತವರನ್ನು ಎಣಿಸುತ್ತಾರೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನಕ್ಕೆಂದೇ ಮಂತ್ರಿಯನ್ನು ನೇಮಿಸಿದವು. ನಮ್ಮ ಊರುಗಳಲ್ಲಿ ಒಬ್ಬಂಟಿ ಉಮ್ಮಂದಿರು ಎಷ್ಟು ಎಂದು ಯಾವ ಜಮಾಅತ್‌ನ ಕಮಿಟಿಯನ್ನಾದರೂ ಕೇಳಿ ನೋಡಿ. ಸಂದಾಯ ಮಾಡಿದ ವರಿಯ ಲೆಕ್ಕ ಪೈಸೆ ಪೈಸೆಗೂ ಸಿಗುತ್ತದೆ.

ಒಂಟಿತನವನ್ನು ವೈದ್ಯರು ಕಾಯಿಲೆಯ ಕಾರಣವೆಂದು ಪರಿಗಣಿಸುವುದು ಹೊಸದೇನಲ್ಲ. ಯೂನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆಹಿಡಿಯುವಿಕೆ. ಬಿಯುಎಮ್‌ಎಸ್ ಮೊದಲ ವರ್ಷದಲ್ಲಿ ಇದನ್ನು ಉರು ಹೊಡೆಯುವಾಗ ನಾಲ್ಕನೆಯದನ್ನು ಎಲ್ಲರೂ ಪರೀಕ್ಷೆಗಾಗಿ ಓದಿ ಮರೆಯುತ್ತೇವೆ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಇದನ್ನು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಅವರ ಪ್ರಕಾರ ಸಂತೋಷದಲ್ಲಿ 'ರೂಹ್' ಮೆಲ್ಲಗೆ ಹೊರಮುಖವಾಗಿ ಹರಡುತ್ತದೆ, ಭಯದಲ್ಲಿ ಥಟ್ಟನೆ ಒಳಗೆ ಸೇರುತ್ತದೆ, ದುಃಖದಲ್ಲಿ ಮೆಲ್ಲ ಮೆಲ್ಲನೆ ಒಳಗೆ ಸರಿಯುತ್ತದೆ. ವೃದ್ಧಾಪ್ಯದ ಪ್ರಕೃತಿಯೇ 'ಬಾರಿದ್ ಯಾಬಿಸ್', ಅಂದರೆ ಶೀತ ಮತ್ತು ಶುಷ್ಕ. ಅಂತಹ ದೇಹದಲ್ಲಿ ದುಃಖವೂ ಸೇರಿಕೊಂಡರೆ ಹಸಿವೆ ಕುಗ್ಗುತ್ತದೆ, ಮಲ ಕಟ್ಟುತ್ತದೆ, ನಿದ್ದೆ ತುಂಡಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ. ನನ್ನ ಬಳಿ ಬರುವ ಹಿರಿಯರು ಹೇಳುವ ದೂರುಗಳ ಪಟ್ಟಿ ಇದೇ. 'ಬೇಜಾರು' ಎಂಬ ಪದವನ್ನು ಅವರು ಹೇಳುವುದಿಲ್ಲ. 'ಗ್ಯಾಸ್' ಎನ್ನುತ್ತಾರೆ.

ಇಂದಿನ ವಿಜ್ಞಾನವೂ ತನ್ನ ದಾರಿಯಲ್ಲಿ ಇಲ್ಲಿಗೇ ಬಂದಿದೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಕುಟುಂಬದವರು, 2023ರಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ಎಚ್ಚರಿಕೆಯ ವರದಿ ಹೊರಡಿಸಿದರು. ಜನರ ಸಂಪರ್ಕವಿಲ್ಲದೆ ಬದುಕುವುದರಿಂದ ಆಯುಷ್ಯಕ್ಕೆ ಆಗುವ ಹಾನಿಯನ್ನು ಅವರು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಿದರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು ಪ್ರಪಂಚದ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದೂ ಇದಕ್ಕೆ ಸಂಬಂಧಿಸಿದ ಸಾವುಗಳು ವರ್ಷಕ್ಕೆ 8 ಲಕ್ಷ 71 ಸಾವಿರವೆಂದೂ ಅಂದಾಜಿಸಿತು. ಬೀಡಿ ಸೇದುವ ಅಪ್ಪನ ಕೈಯಿಂದ ಬೀಡಿ ಕಿತ್ತುಕೊಳ್ಳುವ ನಾವು ಸಿಟ್‌ಔಟ್‌ನಲ್ಲಿ ದಿನವಿಡೀ ಒಬ್ಬರೇ ಕುಳಿತ ಉಮ್ಮನನ್ನು ಕಂಡು 'ಆರಾಮವಾಗಿದ್ದಾರೆ' ಎನ್ನುತ್ತೇವೆ.

ಸರಿ, ಯಂತ್ರದಿಂದ ಉಪಯೋಗವಿದೆಯೇ? ಆಸ್ಟ್ರೇಲಿಯಾದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. 28 ಆರೈಕೆ ಕೇಂದ್ರಗಳ, ಮರೆವಿನ ಕಾಯಿಲೆಯಿದ್ದ 415 ಹಿರಿಯರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪಾರೊ ಕೊಟ್ಟರು. ಎರಡನೆಯ ಗುಂಪಿಗೂ ಅದೇ ಪಾರೊ, ಆದರೆ ಒಳಗಿನ ಯಂತ್ರ ಕೆಲಸ ಮಾಡದಂತೆ ಮಾಡಿ ಬರೀ ಬೊಂಬೆಯಾಗಿ. ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ವಾರಕ್ಕೆ ಮೂರು ಸಲ, ಒಮ್ಮೆಗೆ 15 ನಿಮಿಷ, ಹತ್ತು ವಾರ. ಎಂದಿನ ಆರೈಕೆಗೆ ಹೋಲಿಸಿದರೆ ಪಾರೊ ಸಿಕ್ಕವರ ಮನಸ್ಸು ತಿಳಿಯಾಯಿತು, ಚಡಪಡಿಕೆ ತಗ್ಗಿತು. ಆದರೆ ಬರೀ ಬೊಂಬೆಗೆ ಹೋಲಿಸಿದಾಗ ಪಾರೊ ಮೇಲುಗೈ ಸಾಧಿಸಿದ್ದು ಒಂದರಲ್ಲಿ ಮಾತ್ರ. ಹಿರಿಯರು ಅದನ್ನು ಹೆಚ್ಚು ನೋಡಿದರು, ಅದರ ಜೊತೆ ಹೆಚ್ಚು ಮಾತನಾಡಿದರು.

ಈ ಫಲಿತಾಂಶವನ್ನು ನಾನು ಎರಡು ಮೂರು ಸಲ ಓದಿದೆ. ಐದು ಲಕ್ಷದ ಯಂತ್ರವನ್ನು ಆಫ್ ಮಾಡಿದರೂ ಪ್ರಯೋಜನದ ದೊಡ್ಡ ಭಾಗ ಉಳಿಯಿತು ಎಂದರೆ ಕೆಲಸ ಮಾಡಿದ್ದು ಏನು? ಮಡಿಲ ಮೇಲಿನ ಭಾರ. ಕೈಗೆ ಸಿಕ್ಕ ಮೃದುತ್ವ. ಎತ್ತಿಕೊಳ್ಳಲು ಏನೋ ಒಂದು ಇರುವುದು. ನಮ್ಮ ಶಾಸ್ತ್ರದಲ್ಲಿ ವೃದ್ಧರಿಗೆ 'ದಲ್ಕ್', ಅಂದರೆ ಹದವಾದ ಮಾಲೀಶನ್ನು ಹೇಳಿರುವುದಕ್ಕೆ ರಕ್ತಸಂಚಾರವೊಂದೇ ಕಾರಣವಲ್ಲ ಎಂದು ನನಗೆ ಅನಿಸುತ್ತದೆ. ನಿಮ್ಮ ಮನೆಯ ಹಿರಿಯರನ್ನು ಕೊನೆಯ ಸಲ ಯಾರಾದರೂ ಮುಟ್ಟಿದ್ದು ಯಾವಾಗ? ಸಲಾಮ್ ಹೇಳಿ ಕೈ ಕುಲುಕಿದ್ದು, ತಲೆಗೆ ಎಣ್ಣೆ ಹಚ್ಚಿದ್ದು, ಕಾಲು ಒತ್ತಿದ್ದು? ಬಿಪಿ ನೋಡಲು ನಾನು ಪಟ್ಟಿ ಸುತ್ತುವಾಗ ಕೆಲವು ಅಜ್ಜಿಯರು ಇನ್ನೊಂದು ಕೈಯಿಂದ ನನ್ನ ಕೈ ಹಿಡಿದುಕೊಳ್ಳುತ್ತಾರೆ. ನೋವಾದೀತೆಂಬ ಹೆದರಿಕೆಯಿಂದ ಎಂದು ಮೊದಮೊದಲು ತಿಳಿದಿದ್ದೆ.

ಇನ್ನೊಂದು ವಿಷಯ. ಪಾರೊವನ್ನು ತಯಾರಿಸಿದವರು ಅದನ್ನು ಒಬ್ಬ ನರ್ಸ್‌ನಂತೆ ಮಾಡಲಿಲ್ಲ, ಒಂದು ಮರಿಯಂತೆ ಮಾಡಿದರು. ನಾಯಿಬೆಕ್ಕುಗಳನ್ನು ಎಲ್ಲರೂ ನೋಡಿರುವುದರಿಂದ ಯಂತ್ರದ ಕೊರತೆ ಬೇಗ ಗೊತ್ತಾಗುತ್ತದೆ, ಸೀಲ್ ಮರಿಯನ್ನು ಹತ್ತಿರದಿಂದ ಕಂಡವರಿಲ್ಲ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಅದೇನೇ ಇರಲಿ, ಮರಿಯನ್ನು ಕೊಟ್ಟಾಗ ಅದುವರೆಗೆ ಆರೈಕೆ ಮಾಡಿಸಿಕೊಳ್ಳುತ್ತಿದ್ದ ಅಜ್ಜಿ ಆರೈಕೆ ಮಾಡುವವಳಾಗುತ್ತಾಳೆ. ಅದಕ್ಕೆ ಚಳಿಯಾಗುತ್ತದೆಯೇ, ಹಸಿದಿದೆಯೇ, ಯಾಕೆ ಅಳುತ್ತಿದೆ ಎಂದು ವಿಚಾರಿಸುತ್ತಾಳೆ. ಆ ಎಂಜಿನಿಯರ್‌ಗೆ ಹೊಳೆದದ್ದು ನಮಗೆ ನಮ್ಮ ಮನೆಯಲ್ಲಿ ಹೊಳೆಯಲಿಲ್ಲವಲ್ಲ! ನಾವು ಮಾಡುವುದು ಇದರ ಉಲ್ಟಾ. ಉಮ್ಮನಿಗೆ ಅರುವತ್ತೈದು ಆಯಿತೆಂದರೆ ಗೌರವದ ಹೆಸರಿನಲ್ಲಿ ಕೈಯಿಂದ ಸೌಟು ತೆಗೆದುಕೊಳ್ಳುತ್ತೇವೆ. ನೀವು ಸುಮ್ಮನೆ ಕೂತುಕೊಳ್ಳಿ, ನಮಾಝ್ ಮಾಡಿ, ತಸ್ಬೀಹ್ ಹಿಡಿಯಿರಿ ಎನ್ನುತ್ತೇವೆ. ಅಪ್ಪನನ್ನು ಅಂಗಡಿಯ ಗಲ್ಲಾದಿಂದ ಎಬ್ಬಿಸುತ್ತೇವೆ. ಮದುವೆ ಮಾತುಕತೆಗೆ ಕರೆದುಕೊಂಡು ಹೋಗುತ್ತೇವೆ, ಅಭಿಪ್ರಾಯ ಕೇಳುವುದಿಲ್ಲ.

ಕರಾವಳಿಯ ನಮ್ಮ ಹಿರಿಯ ಹೆಂಗಸರಲ್ಲಿ ಎಷ್ಟೋ ಮಂದಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ತಂಬಾಕಿನ ಧೂಳು ಎದೆಗೆ ಒಳ್ಳೆಯದಲ್ಲ, ಅದರ ಪರಿಣಾಮವನ್ನು ನಾನು ಈಗಲೂ ಅವರ ಕೆಮ್ಮಿನಲ್ಲಿ ಕೇಳುತ್ತಿದ್ದೇನೆ. ಆದರೆ ಮಡಿಲಲ್ಲಿ ಗೆರಸೆ ಇಟ್ಟು ಜಗಲಿಯಲ್ಲಿ ಐದಾರು ಮಂದಿ ಕುಳಿತರೆ ಊರಿನ ಸುದ್ದಿ, ಮದುವೆ ಸಂಬಂಧ, ಮಗುವಿನ ಜ್ವರ ಎಲ್ಲವೂ ಅಲ್ಲಿ ಬಂದು ಹೋಗುತ್ತಿತ್ತು. ಗಲ್ಫ್ ಹಣ ಬಂತು, ಜಗಲಿ ಹೋಗಿ ಕಂಪೌಂಡ್ ಬಂತು, ಕಂಪೌಂಡಿಗೆ ಕಬ್ಬಿಣದ ಗೇಟು ಬಂತು. ಗೇಟು ತೆರೆದು ಬರಬೇಕಾದವರು ಮೊದಲು ಫೋನ್ ಮಾಡುವ ಕಾಲವಿದು.

ನಾನು ಯಂತ್ರದ ವಿರೋಧಿ ಎಂದು ತಿಳಿಯಬೇಡಿ. 1206ರಲ್ಲಿ ಅಲ್ ಜಝರೀ ಎಂಬ ಮುಸ್ಲಿಂ ಎಂಜಿನಿಯರ್ ಬರೆದ ಯಂತ್ರಗಳ ಗ್ರಂಥದಲ್ಲಿ ಕೈ ತೊಳೆಯಲು ನೀರು ಸುರಿಯುವ, ಸಾಬೂನಿನ ಪುಡಿ ಮತ್ತು ಒರೆಸುವ ಬಟ್ಟೆಯನ್ನು ಮುಂದೆ ಚಾಚುವ ಬೊಂಬೆ ಯಂತ್ರದ ವಿವರವಿದೆ. ಎಂಟುನೂರು ವರ್ಷದ ಹಿಂದೆಯೇ ನಮ್ಮವರಿಗೆ ಇದು ಹೊಸದಾಗಿರಲಿಲ್ಲ. ನೀರು ಸುರಿಯುವ ಕೆಲಸವನ್ನು ಯಂತ್ರ ಮಾಡಲಿ. ಮಾತ್ರೆಯ ಸಮಯ ನೆನಪಿಸಲಿ, ಬಿದ್ದರೆ ಕರೆ ಮಾಡಲಿ, ರಾತ್ರಿ ದೀಪ ಹಚ್ಚಲಿ. ಅದೇ ನಮ್ಮ ಇತಿಹಾಸದಲ್ಲಿ ಮನಸ್ಸಿನ ಕಾಯಿಲೆಗೆ ಏನು ಕೊಟ್ಟರು ನೋಡಿ. ಟರ್ಕಿಯ ಎದಿರ್ನೆಯಲ್ಲಿ 1488ರಲ್ಲಿ ಕಟ್ಟಿ ಮುಗಿದ ಸುಲ್ತಾನ್ ಬಾಯಝೀದರ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಸಂಗೀತಗಾರರನ್ನು ನೇಮಿಸಿದ್ದರೆಂದು ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾರೆ. ಸಂಗೀತದ ವಿಷಯ ಉಲಮಾಗಳಿಗೆ ಬಿಡೋಣ. ನಾನು ಗಮನಿಸಿದ್ದು ಇಷ್ಟು, ಅಲ್ಲಿ ಸಂಬಳ ಕೊಟ್ಟು ಮನುಷ್ಯರನ್ನು ಕಳಿಸಿದ್ದರು.

ಹಾಗಾದರೆ ಯಾರಿಗೆ ಇಂತಹ ಬೊಂಬೆ ಕೊಡಬಹುದು? ವೈದ್ಯನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಮರೆವಿನ ಕಾಯಿಲೆ ಬಲಿತು ಸಂಜೆಯಾದರೆ ಚಡಪಡಿಸುವ, ಬಾಗಿಲು ತಟ್ಟುವ, ತೀರಿಹೋದ ತಾಯಿಯನ್ನು ಕರೆಯುವ ಹಿರಿಯರಿಗೆ ಮೃದುವಾದ ಬೊಂಬೆ ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ನಿದ್ದೆಯ ಮಾತ್ರೆ ಕೊಟ್ಟು ಮಂಪರಿನಲ್ಲಿ ಬಿದ್ದು ಸೊಂಟ ಮುರಿಯುವುದಕ್ಕಿಂತ ಅದು ಮೇಲು. ಮೊದಲು ಅಗ್ಗದ್ದನ್ನೇ ಕೊಡಿ, ಮನೆಯಲ್ಲಿರುವ ಉಣ್ಣೆಯ ಶಾಲನ್ನೇ ಮಡಚಿ ಮಡಿಲಲ್ಲಿಟ್ಟು ನೋಡಿ. ಪ್ರಾಣಿಯ ಆಕಾರದ ಬೊಂಬೆ ಮನೆಯಲ್ಲಿ ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ನನ್ನ ವಿಷಯವಲ್ಲ, ನಿಮ್ಮ ಖತೀಬರಲ್ಲಿ ಕೇಳಿ. ಕೇಳುವಾಗ ರೋಗಿಯ ಸ್ಥಿತಿಯನ್ನೂ ಪೂರ್ತಿ ವಿವರಿಸಿ.

ಬುದ್ಧಿ ಚುರುಕಾಗಿರುವ ಹಿರಿಯರ ವಿಷಯ ಬೇರೆ. ಅವರಿಗೆ ಏನು ಕೊಟ್ಟರೂ ಅದು ಯಂತ್ರವೆಂದು ಹೇಳಿ ಕೊಡಿ. ಮೊಮ್ಮಗನ ಧ್ವನಿ ತುಂಬಿಸಿ ಮೋಸ ಮಾಡಬೇಡಿ. ಮಾತನಾಡುವ ಯಂತ್ರಕ್ಕೆ ಮೈಕ್ ಇರುತ್ತದೆ, ಹಲವಕ್ಕೆ ಕ್ಯಾಮೆರಾ ಕೂಡ. ಹೆಂಗಸರು ತಲೆಗೆ ಬಟ್ಟೆಯಿಲ್ಲದೆ ಓಡಾಡುವ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅದನ್ನಿಟ್ಟರೆ ಅಲ್ಲಿನ ಚಿತ್ರ, ಮಾತು ಯಾವ ದೇಶದ ಕಂಪ್ಯೂಟರಿಗೆ ಹೋಗುತ್ತದೆ ಎಂದು ವಿಚಾರಿಸದೆ ಒಳಗೆ ತರಬೇಡಿ. ಸಿಸಿಟಿವಿಗೂ ಈ ಮಾತು ಅನ್ವಯಿಸುತ್ತದೆ. ಉಮ್ಮನ ಒಪ್ಪಿಗೆ ಕೇಳಿದ್ದೀರಾ? ತುಪ್ಪಳದ ಬೊಂಬೆಯಾದರೆ ಶುಚಿತ್ವ ಮುಖ್ಯ. ಎಂಜಲು, ಕಫ, ಮೂತ್ರ ತಾಗಿದರೆ ಒಳಗೆ ಯಂತ್ರವಿರುವುದರಿಂದ ನೀರಿನಲ್ಲಿ ಮುಳುಗಿಸಿ ತೊಳೆಯಲಾಗದು. ಒದ್ದೆ ಬಟ್ಟೆಯಿಂದ ದಿನಾ ಒರೆಸಿ ಒಣಗಿಸಬೇಕು, ಒಬ್ಬರದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಊಟಕ್ಕೆ ಮೊದಲು ಕೈ ತೊಳೆಸಬೇಕು. ಉಬ್ಬಸವಿರುವವರಿಗೆ, ಮೈ ತುರಿಕೆ ಇರುವವರಿಗೆ ತುಪ್ಪಳ ಬೇಡವೇ ಬೇಡ.

ಯಂತ್ರಕ್ಕೂ ಸಾವಿದೆ ಎಂಬುದನ್ನು ಮರೆಯಬಾರದು. ಸೋನಿ ಕಂಪೆನಿ 1999ರಲ್ಲಿ 'ಐಬೊ' ಎಂಬ ಯಂತ್ರದ ನಾಯಿ ತಂದಿತು. 2006ರಲ್ಲಿ ತಯಾರಿಕೆ ನಿಲ್ಲಿಸಿತು, 2014ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಸಾಕಿದವರಲ್ಲಿ ಹಲವರು ವಯಸ್ಸಾದವರು. ಚಿಬಾ ಪ್ರಾಂತದ ಬೌದ್ಧ ದೇಗುಲವೊಂದರಲ್ಲಿ ಆ ನಾಯಿಗಳಿಗೆ ಅಂತಿಮ ಪ್ರಾರ್ಥನೆ ನಡೆಯಿತು. ಕೇಳಿದವರಿಗೆ ನಗು ಬರಬಹುದು. ಆದರೆ ಕಂಪೆನಿಯ ಕಚೇರಿಯಲ್ಲಿ ತೆಗೆದುಕೊಂಡ ಒಂದು ನಿರ್ಧಾರದಿಂದ ಯಾರದೋ ಮನೆಯಲ್ಲಿ ಇನ್ನೊಂದು ಅಗಲಿಕೆ ಆಗುತ್ತದೆ ಎಂದಾದರೆ ಆ ಮದ್ದಿನ ಅಡ್ಡಪರಿಣಾಮವನ್ನೂ ಚೀಟಿಯಲ್ಲಿ ಬರೆಯಬೇಕಲ್ಲ.

ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಒಂಟಿಯಾಗಿ ಕೂರುವ ಹಿರಿಯರಲ್ಲಿ ಅರ್ಧಕ್ಕರ್ಧ ಮಂದಿಯ ಸಮಸ್ಯೆ ಕಿವಿಯಿಂದ ಶುರುವಾದದ್ದು ಎಂದು ನನ್ನ ಕ್ಲಿನಿಕ್‌ನ ಅನುಭವ. ಮಾತು ಕೇಳಿಸುವುದಿಲ್ಲ, ಮತ್ತೆ ಮತ್ತೆ 'ಹಾಂ?' ಎಂದರೆ ಸೊಸೆ ಬೇಸರಪಡುತ್ತಾಳೆ, ಮಕ್ಕಳು ನಗುತ್ತಾರೆ, ಆಮೇಲೆ ಅವರೇ ಕೋಣೆಯಿಂದ ಹೊರಗೆ ಬರುವುದನ್ನು ನಿಲ್ಲಿಸುತ್ತಾರೆ. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಸರಿಪಡಿಸಬಹುದಾದ 14 ಕಾರಣಗಳಲ್ಲಿ ಕಿವುಡುತನವೂ ಇದೆ, ದೃಷ್ಟಿದೋಷವೂ ಇದೆ, ಸಾಮಾಜಿಕ ಒಂಟಿತನವೂ ಇದೆ. ಕೆಲವೊಮ್ಮೆ ಗುಗ್ಗೆ ತೆಗೆಸಿದರೆ ಸಾಕು. ಕೆಲವರಿಗೆ ಶ್ರವಣ ಸಾಧನ ಬೇಕು. ಬ್ಯಾಟರಿ ಬೆಕ್ಕಿನ ಹಣವನ್ನು ಮೊದಲು ಅಲ್ಲಿಗೆ ಹಾಕಿ.

ಹೇಳಲು ಸಂಕೋಚಪಡುವ ಇನ್ನೊಂದು ಕಾರಣವಿದೆ. ಕೆಮ್ಮಿದರೆ, ನಕ್ಕರೆ ಮೂತ್ರ ಜಿನುಗುತ್ತದೆ. ವುಝೂ ನಿಲ್ಲುವುದಿಲ್ಲ, ಬಟ್ಟೆ ವಾಸನೆ ಬಂದೀತು ಎಂದು ಎಷ್ಟೋ ತಾಯಂದಿರು ಮದುವೆಗೆ, ಮೌತಿನ ಮನೆಗೆ, ತರಾವೀಹ್‌ಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ಗಂಡಸರು ಪ್ರಾಸ್ಟೇಟ್ ತೊಂದರೆಯಿಂದ ಜಮಾಅತ್ ನಮಾಝ್ ಬಿಡುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ, ವ್ಯಾಯಾಮವಿದೆ, ಒಳ್ಳೆಯ ಪ್ಯಾಡ್‌ಗಳಿವೆ. ಮೂತ್ರ ನಿಲ್ಲದವರಿಗೆ ವುಝೂವಿನಲ್ಲಿ ರಿಯಾಯಿತಿ ಇರುವುದನ್ನು ನಿಮ್ಮ ಉಸ್ತಾದರು ವಿವರಿಸುತ್ತಾರೆ. ಮಗಳಾದವಳು ಅಥವಾ ಸೊಸೆ ಒಮ್ಮೆ ಮೆತ್ತಗೆ ಕೇಳಿದರೆ ಸಾಕು, ಕೆಲವು ಬಾಗಿಲುಗಳು ತೆರೆಯುತ್ತವೆ.

ಈಗ ನನ್ನ ಮನೆಯ ವಿಷಯ. ನನ್ನ ಅಮ್ಮಿ ಶಿವಮೊಗ್ಗದಲ್ಲಿ ತಮ್ಮನ ಜೊತೆಗಿದ್ದಾರೆ. ತಮ್ಮ, ಅವನ ಹೆಂಡತಿ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವವರು. ನಾನು ಪ್ರತಿದಿನ ರಾತ್ರಿ ಕ್ಲಿನಿಕ್ ಮುಚ್ಚಿ ಫೋನ್ ಮಾಡುತ್ತೇನೆ. ಕರ್ತವ್ಯನಿಷ್ಠ ಮಗ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು. ಈ ಯಂತ್ರಗಳ ಬಗ್ಗೆ ಓದುತ್ತಿದ್ದ ದಿನಗಳಲ್ಲೇ ಒಮ್ಮೆ ಫೋನ್ ಮಾಡಿದಾಗ, ನಾನು ಬಾಯಿ ತೆರೆಯುವ ಮೊದಲೇ ಅಮ್ಮಿ ಹೇಳಿದರು: "ಮಾತ್ರೆ ತಗೊಂಡೆ. ಊಟ ಆಯ್ತು. ಹೊಟ್ಟೆ ಸರಿ ಇದೆ. ನಿದ್ದೆ ಬರ್ತಿದೆ. ಇಡ್ಲಾ?" ಅವರು ವ್ಯಂಗ್ಯವಾಡಲಿಲ್ಲ. ನನಗೆ ತಡವಾಗುತ್ತಿದೆಯೆಂದು ಸಹಾಯ ಮಾಡಿದ್ದು. ಕೊರಿಯಾದ ಆ ಬೊಂಬೆ ಕೇಳುವ ಪ್ರಶ್ನೆಗಳನ್ನೇ ನಾನು ಇಷ್ಟು ವರ್ಷ ಕೇಳುತ್ತಿದ್ದೆ, ಅದೂ ಅದರಷ್ಟು ಮುದ್ದಾದ ಧ್ವನಿಯಲ್ಲಲ್ಲ. ಹೆತ್ತವರಿಗೆ 'ಉಫ್' ಎನ್ನಬಾರದೆಂದು ಮದ್ರಸಾದ ಮಗುವಿಗೂ ಗೊತ್ತು. ನಾನು ಎಂದೂ ಹಾಗೆ ಅಂದವನಲ್ಲ. ಆದರೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತಿದ್ದ ಆ ಫೋನ್ ಕರೆಗೆ ಯಾವ ಹೆಸರಿಡಬೇಕೋ ತಿಳಿಯದು.

ಈಗ ಅವರಲ್ಲಿ ಸಲಹೆ ಕೇಳಲು ಶುರು ಮಾಡಿದ್ದೇನೆ. ಮಗಳಿಗೆ ಬರುವ ಸಂಬಂಧಗಳು, ಮನೆಯ ಜಗಳ, ಖೀಮಾಕ್ಕೆ ಎಷ್ಟು ಗರಂ ಮಸಾಲೆ. ಮೊದಲು ಅನುಮಾನಪಟ್ಟರು. ಈಗ ಒಮ್ಮೊಮ್ಮೆ ಅವರೇ ಬೈಯುತ್ತಾರೆ, ಅಲ್ಹಮ್ದುಲಿಲ್ಲಾಹ್.

ಇನ್ನು ಆ ಬೆಕ್ಕಿನ ವಿಷಯ. ಉಮ್ಮನನ್ನೇ ಕೇಳೋಣವೆಂದು ಮುಂದಿನ ವಾರ ಅವರು ಬಂದಾಗ ವಿಡಿಯೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಅಮೆರಿಕದ ಅಜ್ಜಿಯ ಬಗ್ಗೆ "ಪಾಪ" ಅಂದರು. ನಂತರ ಕೇಳಿದರು: "ಅದು ಮೀನಿನ ತಲೆ ತಿಂತದಾ ಡಾಕ್ಟ್ರೇ?"

"ಇಲ್ಲ ಉಮ್ಮ, ಅದು ಏನೂ ತಿನ್ನುವುದಿಲ್ಲ."

"ಮತ್ತೆ ಅದನ್ನು ಸಾಕುವುದು ಎಂತಕ್ಕೆ?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು, ಅವರೂ ನಕ್ಕರು. ಹೋಗುವಾಗ ಬಾಗಿಲ ಬಳಿ ನಿಂತು ಹೇಳಿದ್ದು ನನ್ನ ಕಿವಿಯಲ್ಲಿದೆ. ಮೂವರು ಹುಡುಗರಿದ್ದಾಗ ದಿನಕ್ಕೆ ಮೂವತ್ತು ಪತ್ತಿರ್ ತಟ್ಟುತ್ತಿದ್ದರಂತೆ. ಈಗ ಒಂದು ಹಿಡಿ ಅಕ್ಕಿ ನೆನೆಹಾಕುವಾಗ ಕೈಗೆ ನಾಚಿಕೆಯಾಗುತ್ತದಂತೆ.

ಮಗನಿಗೆ ನಾನು ಬರೆದ ಉತ್ತರದಲ್ಲಿ ಉಪದೇಶವಿರಲಿಲ್ಲ. ಕಿವಿಯ ಪರೀಕ್ಷೆಗೆ ಹಣ ಕಳಿಸಿ, ಹಾಲ್‌ನ ಕ್ಯಾಮೆರಾ ತೆಗೆಸಿ, ಫೋನ್ ಮಾಡುವಾಗ ಅಲ್ಲಿ ಮೀನು ಸಾರು ಹೇಗೆ ಮಾಡಲಿ ಎಂದು ತಾಯಿಯಲ್ಲಿ ಕೇಳಿ ಎಂದಷ್ಟೇ ಬರೆದೆ. ನಮ್ಮ ಮಸೀದಿಯ ಕಾರ್ಯದರ್ಶಿಯವರಲ್ಲೂ ಮಾತನಾಡಿದೆ. ರೋಗಿಯನ್ನು ಹೋಗಿ ನೋಡುವುದು ಪರಸ್ಪರರ ಹಕ್ಕೆಂದು ಖುತ್ಬಾಗಳಲ್ಲಿ ಕೇಳುತ್ತೇವೆ. ಒಂಟಿ ಇರುವವರ ಪಟ್ಟಿಯೊಂದನ್ನು ಮಾಡಿ, ವಾರಕ್ಕೊಮ್ಮೆ ಯಾರಾದರೂ ಹೋಗಿ ಬರುವ ವ್ಯವಸ್ಥೆ ಆಗಲಿ ಎಂದೆ. ಮೀಟಿಂಗ್‌ನಲ್ಲಿ ಇಡುತ್ತೇನೆ ಎಂದಿದ್ದಾರೆ. ಎರಡು ಮೀಟಿಂಗ್ ಆಗಿದೆ, ವಿಷಯ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ, ತೊಂದರೆಯಲ್ಲಿರುವ ಯಾವ ಹಿರಿಯರೂ ಕೇಂದ್ರ ಸರಕಾರದ ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು ಎಂಬುದು ನಿಮ್ಮ ಗಮನದಲ್ಲಿರಲಿ.

ಉಮ್ಮನ ಬಲಗಿವಿಗೆ ಸಾಧನ ಬಂದಿದೆ. ಪಕ್ಕದ ಬಾಡಿಗೆ ಮನೆಯ ಇಬ್ಬರು ಹುಡುಗಿಯರು ಮದ್ರಸಾ ಬಿಟ್ಟ ಮೇಲೆ ಅಡುಗೆ ಕಲಿಯುವ ನೆಪದಲ್ಲಿ ಬರುತ್ತಿದ್ದರು. ಒಬ್ಬಳು ನಾಲ್ಕು ದಿನ ಬಂದು ನಿಲ್ಲಿಸಿದಳು. ಇನ್ನೊಬ್ಬಳು ಈಗಲೂ ಬರುತ್ತಾಳೆ, ಕಲಿಯುವುದಕ್ಕಿಂತ ತಿನ್ನುವುದೇ ಹೆಚ್ಚು ಎಂದು ಉಮ್ಮನ ದೂರು. ಮೊಣಕಾಲು ನೋವು ಹಾಗೇ ಇದೆ. ಕ್ಲಿನಿಕ್‌ಗೆ ಬರುವುದು ಮಾತ್ರ ಹದಿನೈದು ದಿನಕ್ಕೊಮ್ಮೆಯಾಗಿದೆ, ಬೆಂಚಿನಲ್ಲಿ ಕೂರಲು ಸಮಯವಿಲ್ಲವಂತೆ, ಹುಡುಗಿ ಬರುವ ಹೊತ್ತಾಯಿತಂತೆ.

ಮಗ ಈ ರಂಝಾನ್‌ಗೆ ಊರಿಗೆ ಬರಲು ರಜೆ ಕೇಳಿದ್ದಾನೆ. ಕಂಪೆನಿಯವರು ಇನ್ನೂ ಒಪ್ಪಿಲ್ಲ.